ಹೋ ಅಂದರೆ ನಿಲ್ಲು

ಮಿರಜಿನ ಹತ್ತಿರದ ವಿಶ್ರಾಮಬಾಗದ ನಮ್ಮ ಈ ಫ್ಲ್ಯಾಟಿನಲ್ಲಿ ಬೆಳಗಾದರೆ ಸಾಕು, ಎಲ್ಲರ ಬಾಯಲ್ಲೂ 'ಹೋ'. ಮಗ ಫೋನಿನಲ್ಲಿ 'ಹೋ ಸರ್, ಹೋ ಸರ್' ಅನ್ನುತ್ತಾನೆ. ಸೊಸೆ ಹಾಲಿನವನಿಗೆ ಬಾಗಿಲ ಒಳಗಿನಿಂದಲೇ 'ಹೋ' ಅನ್ನುತ್ತಾಳೆ. ಇನ್ನೊಂದು ರೊಟ್ಟಿ ಹಾಕಲಾ ಎಂದು ಮೊಮ್ಮಗಳನ್ನು ಕೇಳಿದರೆ 'ಹೋ ಆಜಿ'. ಮರಾಠಿಯಲ್ಲಿ ಹೋ ಅಂದರೆ ಹೌದು. ಈ ಸೀಮೆಯಲ್ಲಿ ಬಾಳುವೆ ಮಾಡಿ ಕೂದಲು ನೆರೆತ ನನಗೆ ಅಷ್ಟು ಗೊತ್ತಿಲ್ಲದೆ ಇಲ್ಲ. ಆದರೂ ರೊಟ್ಟಿ ಹಿಡಿದ ನನ್ನ ಕೈ ತಟ್ಟೆಯ ಮೇಲೆ ಒಂದು ಗಳಿಗೆ ನಿಂತುಬಿಡುತ್ತದೆ. ನನ್ನ ತವರು ಗಡಿಯಾಚೆ, ಅಥಣಿ ಕಡೆಯದು. ಅಲ್ಲಿ ಎತ್ತಿಗೆ 'ಹೋ' ಅಂದರೆ ನಿಲ್ಲು ಎಂದು ಅರ್ಥ. ಮೊಮ್ಮಗಳು ನಗುತ್ತಾಳೆ. ಅವಳಿಗೆ ಕನ್ನಡ ತಿಳಿಯುತ್ತದೆ, ಆಡಲು ಬರುವುದಿಲ್ಲ. ಅಜ್ಜನ ಮೊಮ್ಮಗಳು ಮತ್ತೆ ಹೇಗಿದ್ದಾಳು?

ಅಜ್ಜ, ಅಂದರೆ ನಮ್ಮ ಯಜಮಾನರು, ಈಗ ಬಾಲ್ಕನಿಯ ಕುರ್ಚಿಯಲ್ಲಿ ಕುಳಿತು ಅವಳ ಫೋನಿನಲ್ಲಿ ಎತ್ತಿನ ಗಾಡಿ ಶರ್ಯತ್ತು ನೋಡುತ್ತಾರೆ. ನೋಡುವುದಕ್ಕಿಂತ ಬಯ್ಯುವುದೇ ಹೆಚ್ಚು. ನಡುವೆ ಹಲವು ವರ್ಷ ಶರ್ಯತ್ತನ್ನು ಕೋರ್ಟು ನಿಲ್ಲಿಸಿತ್ತು. ಈಗ ಮತ್ತೆ ಬಿಟ್ಟಿದ್ದಾರೆ, ಆದರೆ ಎತ್ತಿಗೆ ಹೊಡೆಯಬಾರದು, ದೂರ ಓಡಿಸಬಾರದು ಎಂದು ಕಟ್ಟಳೆ. ಹೊಡೆಯಬಾರದೆಂಬ ಕಟ್ಟಳೆಯನ್ನು ನಮ್ಮ ಮನೆಯಲ್ಲಿ ನಾನು ಕೋರ್ಟಿಗಿಂತ ಮೊದಲೇ ಮಾಡಿದ್ದೆ, ಅದು ಬೇರೆ ಮಾತು. ಯಜಮಾನರ ತಕರಾರು ದೂರದ್ದು. ನೆಟ್ಟಗೆ ಓಡಿದರು, ಮುಗಿಯಿತು, ಇದಕ್ಕೂ ಶರ್ಯತ್ತು ಅನ್ನುತ್ತಾರಾ, ಮೂಗು ಒರೆಸಿಕೊಳ್ಳುವಷ್ಟರಲ್ಲಿ ಆಟ ಖಲಾಸ್ ಎಂದು ಗೊಣಗುತ್ತಾರೆ. ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತೇನೆ. ಅವರ ಮಾತಿನಲ್ಲಿ ಸತ್ಯವಿದೆ, ಹಾಗಂತ ಅವರ ಎದುರು ಒಪ್ಪಿಕೊಳ್ಳುವುದಿಲ್ಲ.

ಅವರು ಓಡಿಸಿದ್ದು ದೂರದ ಶರ್ಯತ್ತು. ಅದಕ್ಕೆ ಆರತ-ಪಾರತ ಅನ್ನುತ್ತಿದ್ದರು, ಅಂದರೆ ಹೋಗಿ ಬರುವುದು. ಗೆರೆಯಿಂದ ಬಿಟ್ಟ ಜೋಡಿ ಊರು ದಾಟಿ, ಹೊಲಗಳನ್ನು ದಾಟಿ, ಹರದಾರಿಗಳಾಚೆ ನೆಟ್ಟ ಬಾವುಟದ ತನಕ ಓಡಬೇಕು. ಬಾವುಟವನ್ನು ಸುತ್ತಿ, ಬಂದ ದಾರಿಯಲ್ಲೇ ತಿರುಗಿ ಬರಬೇಕು. ನೆಟ್ಟಗೆ ಯಾವ ಎತ್ತಾದರೂ ಓಡೀತು. ಬಾವುಟದ ಹತ್ತಿರ ಬಿರುಸು ಕಳೆದುಕೊಳ್ಳದೆ ತಿರುಗುವ ಎತ್ತು ಬೇಕು, ತಿರುಗಿದ ಮೇಲೆ ಉಸಿರು ಉಳಿದಿರಬೇಕು. ಅರ್ಧ ಶರ್ಯತ್ತು ಕಾಲಿನದು, ಅರ್ಧ ಮಾತಿನದು.

ಇಂಥವರು ಹುಟ್ಟಿದ್ದು ಮಾತ್ರ ವ್ಯಾಪಾರಸ್ಥರ ಮನೆಯಲ್ಲಿ. ಮಿರಜಿನ ಪೇಟೆಯಲ್ಲಿ ಮಾವನವರ ಬೆಲ್ಲ-ಬೇಳೆಯ ಅಂಗಡಿ ಇತ್ತು. ಮೂಲದಲ್ಲಿ ಕನ್ನಡದವರೇ, ಮನೆದೇವರು ಕೂಡ ಆ ಕಡೆಯದೇ. ಆದರೆ ಅಂಗಡಿಯಲ್ಲಿ ಮಾತೆಲ್ಲ ಮರಾಠಿ, ಶಾಲೆಯೂ ಮರಾಠಿ, ಹಾಗಾಗಿ ಗಂಡಸರ ಬಾಯಿಂದ ಕನ್ನಡ ಜಾರಿಹೋಗಿತ್ತು. ಹಿರಿಯ ಭಾವನವರು ತಕ್ಕಡಿ ಹಿಡಿದರು. ಕಿರಿಯರಾದ ನಮ್ಮವರು ಹತ್ತಿರದ ಹಳ್ಳಿ ಆರಗದ ಹೊಲ ನೋಡಿಕೊಳ್ಳುತ್ತೇನೆಂದು ಹೇಳಿ ಎತ್ತಿನ ಹಗ್ಗ ಹಿಡಿದರು. ನಾನು ಮದುವೆಯಾಗಿ ಬಂದದ್ದು ಆರಗದ ಆ ಮನೆಗೆ. ಅತ್ತೆಯವರೂ ನಮ್ಮ ಜೊತೆಗೇ ಇದ್ದರು. ಆ ಮನೆಯಲ್ಲಿ ಕನ್ನಡ ಹೆಂಗಸರದು ಮತ್ತು ದನಗಳದು. ಮರಾಠಿ ಗಂಡಸರದು ಮತ್ತು ಪೇಟೆಯದು. ಕೊಟ್ಟಿಗೆ ಮತ್ತು ಒಲೆಯ ನಡುವೆ ನಾವು ಅತ್ತೆ-ಸೊಸೆ ಕನ್ನಡದಲ್ಲಿ ಬೈದಾಡಿಕೊಂಡು ಹಾಯಾಗಿದ್ದೆವು.

ಮದುವೆಯಲ್ಲಿ ಅಪ್ಪ ಬಳುವಳಿಯಾಗಿ ಗಬ್ಬದ ಖಿಲಾರಿ ತಳಿಯ ಆಕಳೊಂದನ್ನು ಕೊಟ್ಟಿದ್ದ. ಆರಗಕ್ಕೆ ಬಂದು ಕೆಲವು ತಿಂಗಳಿಗೆ ಅದು ಈಯಿತು. ಹೋರಿಗರು, ಹಾಲಿನಷ್ಟು ಬಿಳುಪು. ಹೆಸರೇನೂ ಇಡಲಿಲ್ಲ, 'ಬಿಳಿಯಾ' ಎಂದರೆ ಓಡಿ ಬರುತ್ತಿದ್ದ. ತವರಿನ ಆಕಳ ಮಗ ಎಂದು ನನಗೆ ಅವನ ಮೇಲೆ ಎಲ್ಲಿಲ್ಲದ ಮೋಹ. ರೊಟ್ಟಿ ಬಡಿಯುವಾಗ ಮೊದಲನೆಯದು ಅವನಿಗೆ. ನೀರಿಗೆ ಹೋದರೆ ಹಿಂದೆ, ಹೊಲಕ್ಕೆ ಹೋದರೆ ಹಿಂದೆ. 'ನಡಿ' ಅಂದರೆ ನಡೆಯುತ್ತಿದ್ದ, 'ಹೊಳ್ಳು' ಅಂದರೆ ತಿರುಗುತ್ತಿದ್ದ, 'ಹೋ' ಅಂದರೆ ಅಲ್ಲಿಗೇ ನಿಲ್ಲುತ್ತಿದ್ದ. ಅತ್ತೆಯವರು ಕಟ್ಟೆಯ ಮೇಲೆ ಕುಳಿತು ಅಣಕಿಸುತ್ತಿದ್ದರು.

"ಯವ್ವಾ, ಅದನ್ನ ಎತ್ತ ಮಾಡ್ತೀಯೋ, ತಮ್ಮನ್ನ ಮಾಡ್ತೀಯೋ?"

"ಎತ್ತಾದ್ರ ಮಂದೀಗೆ, ತಮ್ಮಾದ್ರ ನನಗ ರಿ," ಅನ್ನುತ್ತಿದ್ದೆ.

ಬಿಳಿಯ ಬೆಳೆದ. ಎದೆ ಅಗಲವಾಯಿತು, ಕಾಲು ಸಣ್ಣ ಆದರೆ ಕಬ್ಬಿಣ. ಯಜಮಾನರ ಕಣ್ಣು ಬಿತ್ತು. ಅವರ ಜೋಡಿಯಲ್ಲಿ ಎಡಗೋಲಿನ, ಅಂದರೆ ನೊಗದ ಎಡಬದಿಯ, ಎತ್ತಿಗೆ ವಯಸ್ಸಾಗಿತ್ತು. ಬಾವುಟ ಸುತ್ತುವಾಗ ಎಡಕ್ಕೆ ತಿರುಗಬೇಕು, ಹಾಗಾಗಿ ಎಡಗೋಲಿನದೇ ಮುಖ್ಯ. ಒಂದು ಮುಂಜಾನೆ ನನ್ನನ್ನು ಕೇಳದೆ ಬಿಳಿಯನನ್ನು ಹೂಡಿಕೊಂಡು ಹೋದರು. ಹೊತ್ತೇರುವಷ್ಟರಲ್ಲಿ ಮುಖ ಕೆಂಪಗೆ ಮಾಡಿಕೊಂಡು ತಿರುಗಿ ಬಂದರು. ಎತ್ತು ಕಿವುಡು, ಎಷ್ಟು ಕೂಗಿದರೂ ತಿರುಗುವುದಿಲ್ಲ ಎಂದು ಮರಾಠಿಯಲ್ಲಿ ರೇಗಿದರು.

"ಕಿವಿ ಚೊಲೋ ಅದಾವರಿ," ಅಂದೆ ನಾನು. "ಅದಕ್ಕ ಮರಾಠಿ ಬರೂದಿಲ್ಲ."

ಒಳಗೆ ಅತ್ತೆಯವರು ಕೆಮ್ಮು ಬರುವ ತನಕ ನಕ್ಕರು. ಯಜಮಾನರು ಮೂಲೆಯ ಬಾರಕೋಲಿನ ಕಡೆ ನೋಡಿದರು. ಹಾಗಾದರೆ ಇದರ ಭಾಷೆಯಲ್ಲಿ ಹೇಳುತ್ತೇನೆ ಎನ್ನುವ ನೋಟ ಅದು. ನನಗೂ ಸಿಟ್ಟು ನೆತ್ತಿಗೇರಿತು.

"ನೋಡ್ರಿ, ಅವನ ಮೈಮ್ಯಾಲ ಒಂದ ಬಾಸುಂಡಿ ಕಂಡ್ರ, ನಾಳಿಂದ ನಿಮ್ಮ ರೊಟ್ಟಿ ನೀವ ಬಡ್ಕೋರಿ. ಓಡಸೂದಿದ್ರ ಮಾತಿನ ಮ್ಯಾಲ ಓಡಸ್ರಿ."

ರೊಟ್ಟಿಯ ಮಾತು ಬಂದರೆ ಎಂಥ ಶೂರನೂ ತಗ್ಗುತ್ತಾನೆ. ಅಂದು ಸಂಜೆಯಿಂದ ಅಂಗಳದಲ್ಲಿ ನಮ್ಮ ಶಾಲೆ ಶುರುವಾಯಿತು. ನಾನು ಮಾಸ್ತರ, ಅವರು ವಿದ್ಯಾರ್ಥಿ, ಬಿಳಿಯ ಪರೀಕ್ಷೆ ಮಾಡುವವನು. 'ನಡಿ' ಮೊದಲ ದಿನವೇ ಬಂತು. ಕಷ್ಟವಾದದ್ದು 'ಹೊಳ್ಳು'. ಮರಾಠಿ ಬಾಯಿಗೆ ನಮ್ಮ ಹ್ರಸ್ವ ಒಕಾರ ಹೊರಳುವುದಿಲ್ಲ, ಎಳೆದುಬಿಡುತ್ತದೆ. ಅವರು 'ಹೋಳ್ಳು' ಅನ್ನುತ್ತಿದ್ದರು. 'ಹೋ' ಕಿವಿಗೆ ಬಿದ್ದದ್ದೇ ತಡ, ಬಿಳಿಯ ಗಕ್ಕನೆ ನಿಲ್ಲುತ್ತಿದ್ದ. ಉಳಿದ 'ಳ್ಳು' ಯಾರಿಗೆ ಬೇಕು?

"ನುಂಗ್ರಿ," ಅನ್ನುತ್ತಿದ್ದೆ. "ಹೋ ಅನ್ನೂದನ್ನ ಅರ್ಧಕ್ಕ ನುಂಗ್ರಿ."

ಅವರು 'ಹೊ, ಹೊ, ಹೊ' ಎಂದು ಅಭ್ಯಾಸ ಮಾಡುತ್ತ ಅಂಗಳ ಸುತ್ತುವರು. "ಬಿಕ್ಕಳಿಕಿ ಹತ್ತ್ಯಾವೇನೋ, ನೀರ ಕುಡಿ," ಅತ್ತೆಯವರು ಕೂಗುವರು. ಅದೆಷ್ಟು ಸಂಜೆ ಹೀಗೆ ಕಳೆದವೋ. ಕೊನೆಗೊಂದು ದಿನ ಅವರ ಬಾಯಿಂದ 'ಹೊಳ್ಳು' ಸರಿಯಾಗಿ ಹೊರಟಿತು. ಬಿಳಿಯ ಎಡಗಾಲು ಊರಿ, ನಿಂತಲ್ಲೇ ಹೊರಳಿ, ನಮ್ಮ ಕಡೆ ಮುಖ ಮಾಡಿ ನಿಂತ. ಯಜಮಾನರು ಹಿಗ್ಗಿ ಎತ್ತನ್ನು ತಬ್ಬಿಕೊಂಡರು. ಮಾಸ್ತರಳನ್ನು ತಬ್ಬಿಕೊಳ್ಳಬೇಕೆಂದು ಹೊಳೆಯಲಿಲ್ಲ. ಹೀಗೆ ನಮ್ಮ ಯಜಮಾನರಿಗೆ ಮೂರು ಕನ್ನಡ ಮಾತು ಬಂದವು. ನಾಲ್ಕನೆಯದನ್ನು ಕಲಿಯುವ ಗೋಜಿಗೆ ಅವರು ಹೋಗಲಿಲ್ಲ.

ಆ ಮೇಲಿನ ವರ್ಷಗಳ ಸುದ್ದಿ ಇವತ್ತಿಗೂ ಮೊಮ್ಮಗಳಿಗೆ ಹೇಳುತ್ತಿರುತ್ತೇನೆ. ಅಷ್ಟು ಚೆಂದಿದ್ದವು. ನಸುಕಿನಲ್ಲಿ ಎದ್ದು ಹುರುಳಿ ನುಚ್ಚು ಕುದಿಸುವುದು, ಸೇಂಗಾ ಹಿಂಡಿ ನೆನೆಸುವುದು, ಕಣಕದ ಉಂಡೆಗೆ ಬೆಲ್ಲ ಹಾಕುವುದು. ಉಸಿರು ಬೆಳೆಯಲೆಂದು ಅವರು ಜೋಡಿಯನ್ನು ಕೃಷ್ಣೆಯ ತನಕ ಒಯ್ದು ಈಜಿಸುತ್ತಿದ್ದರು. ತಿರುಗಿ ಬರುವ ಹೊತ್ತಿಗೆ ಮೂವರ ಮೈಯಿಂದಲೂ ಹೊಳೆಯ ಕೆಸರಿನ ವಾಸನೆ. ಶರ್ಯತ್ತಿನ ದಿನ ಎತ್ತುಗಳಿಗೆ ಆರತಿ ಎತ್ತಿ ಕಳಿಸುವುದಷ್ಟೇ ನಮ್ಮ ಪಾಲಿಗೆ. ಹೆಂಗಸರು ಶರ್ಯತ್ತಿನ ಬಯಲಿಗೆ ಕಾಲಿಡುವ ಪದ್ಧತಿ ಇರಲಿಲ್ಲ. ಯಾಕೆ ಎಂದು ಕೇಳಿದರೆ ಯಾರೂ ಕಾರಣ ಹೇಳುತ್ತಿರಲಿಲ್ಲ, ಸುಮ್ಮನೆ ಮೀಸೆ ತಿರುವುತ್ತಿದ್ದರು.

ಗೆದ್ದರೋ ಸೋತರೋ ತಿಳಿಯಲು ನನಗೆ ಯಾರ ಬಾಯಿಯೂ ಬೇಕಿರಲಿಲ್ಲ. ಗೆದ್ದ ಎತ್ತಿಗೆ ಗುಲಾಲು ಎರಚುತ್ತಾರೆ. ಸಂಜೆ ಬಾಗಿಲಲ್ಲಿ ನಿಂತರೆ ಹುಣಸೆ ಮರದ ತಿರುವಿನಲ್ಲಿ ಮೊದಲು ಬಿಳಿಯನ ಬಣ್ಣ ಕಾಣುತ್ತಿತ್ತು. ಮುಖದಿಂದ ಬಾಲದ ತನಕ ಗುಲಾಬಿ. ಹಿಂದೆ ಹಲಗೆ ಬಡಿಯುವವರು, ಅವರ ಹಿಂದೆ ಫೇಟಾ ಓರೆಯಾದ ನಮ್ಮ ಯಜಮಾನರು. ಮೈ ತೊಳೆಯುವುದು ನನ್ನ ಕೆಲಸ. ಕೊಡದ ಮೇಲೆ ಕೊಡ ಸುರಿದರೆ ಗುಲಾಬಿ ನೀರು ಅಂಗಳ ದಾಟಿ ಬಾಳೆಯ ಬುಡಕ್ಕೆ ಹರಿಯುತ್ತಿತ್ತು. ಎಷ್ಟು ತೊಳೆದರೂ ಬಿಳಿಯ ವಾರದ ತನಕ ನಸುಗುಲಾಬಿಯಾಗೇ ಉಳಿಯುತ್ತಿದ್ದ. ಬೈದುಕೊಂಡೇ ತೊಳೆಯುತ್ತಿದ್ದೆ, ಒಳಗೊಳಗೇ ಬೀಗುತ್ತಿದ್ದೆ.

ಒಂದು ಸಂಜೆ ತಿರುವಿನಲ್ಲಿ ಬಿಳಿಯ ಬಿಳಿಯಾಗಿಯೇ ಕಾಣಿಸಿದ. ಹಲಗೆ ಬಡಿಯುವ ಸದ್ದಿರಲಿಲ್ಲ. ಯಜಮಾನರ ಫೇಟಾ ಕಂಕುಳಲ್ಲಿತ್ತು, ಅಂಗಿಯ ತುಂಬ ಮಣ್ಣು.

ಆ ಶರ್ಯತ್ತನ್ನು ನಾನು ನೋಡಿಲ್ಲ, ಆದರೆ ಇಡೀ ತಾಲೂಕು ನನಗೆ ಹೇಳಿದೆ. ಹೆಚ್ಚು ಜನ ಸೇರುವ ಶರ್ಯತ್ತು ಅದು. ನಮ್ಮ ಜೋಡಿ ಎಲ್ಲರಿಗಿಂತ ಮೊದಲು ಬಾವುಟ ಸುತ್ತಿ ತಿರುಗಿತ್ತಂತೆ. ಮುಂದೆ ಯಾರೂ ಇಲ್ಲ, ಗೆರೆ ಕಣ್ಣಿಗೆ ಕಾಣುತ್ತಿದೆ. ಮೋಟರ್‌ಸೈಕಲ್ ಮೇಲೆ ಪಕ್ಕದಲ್ಲೇ ಬರುತ್ತಿದ್ದ ತೀರ್ಪು ಕೊಡುವ ಪಂಚನಿಗೆ ಧೂಳಿನಲ್ಲಿ ಬಾವುಟ ಸುತ್ತಿದ್ದು ಸರಿಯಾಗಿ ಕಂಡಿರಲಿಲ್ಲ. ಬಾವುಟ ಸುತ್ತಿ ಬಂದೆಯಾ ಎಂದು ಅವನು ಮರಾಠಿಯಲ್ಲಿ ಕೂಗಿ ಕೇಳಿದ. ಗೆಲುವಿನ ಅಮಲಿನಲ್ಲಿದ್ದ ನಮ್ಮವರು ಎದೆ ತುಂಬ ಉಸಿರೆಳೆದು ಉತ್ತರ ಕೊಟ್ಟರು.

"ಹೋ! ಹೋ!"

ಬಿಳಿಯ ನಿಂತ. ಯಜಮಾನರೇ ನಿಲ್ಲು ಎಂದ ಮೇಲೆ ನಿಲ್ಲದೆ ಏನು ಮಾಡಿಯಾನು? ಬಲಗೋಲಿನ ಎತ್ತು ಮರಾಠಿ ಸಂತೆಯದು, ಅದಕ್ಕೆ ಈ ಮಾತು ತಿಳಿಯದು, ಅದು ಓಡುತ್ತಲೇ ಇತ್ತು. ಗಾಡಿ ಗಿರ್ರನೆ ಅಡ್ಡ ತಿರುಗಿತು, ನಮ್ಮ ಯಜಮಾನರು ಹಾರಿ ಪಕ್ಕದ ಜೋಳದ ಹೊಲದಲ್ಲಿ ಬಿದ್ದರು. ಹಿಂದಿದ್ದ ಜೋಡಿ ಆರಾಮಾಗಿ ಮುಂದೆ ಹೋಗಿ ಗೆದ್ದಿತು. ಬಿಳಿಯ ಮಾತ್ರ ಅಲ್ಲೇ, ಎಲ್ಲಿ ಹೇಳಿದ್ದರೋ ಅಲ್ಲೇ, ಹೊಲದ ಕಡೆ ಕಿವಿ ನಿಮಿರಿಸಿ ಮುಂದಿನ ಅಪ್ಪಣೆಗೆ ಕಾಯುತ್ತಿದ್ದನಂತೆ.

ಕೇಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಿರಜಿನ ಪೇಟೆಗೆ ಹೋದರೆ ಅಂಗಡಿಕಾರರು ಇವರನ್ನು ಕಂಡ ಕೂಡಲೇ 'ಹೋ' ಎನ್ನುವುದು, ಇವರು ಸಿಡಿಮಿಡಿಗೊಳ್ಳುವುದು. ಸೋಲನ್ನು ಅವರು ಎಷ್ಟೋ ಸಲ ನುಂಗಿದ್ದರು, ನಗೆ ನುಂಗಲು ಆಗಲಿಲ್ಲ. ಒಂದು ದಿನ ಊಟಕ್ಕೆ ಕುಳಿತವರು ತಟ್ಟೆ ನೋಡುತ್ತಲೇ ಹೇಳಿದರು. ಬಿಳಿಯನಿಗೆ ನಡುದಾರಿಯಲ್ಲಿ ನಿಲ್ಲುವ ಖೋಡಿ ಚಟ ಹತ್ತಿದೆ, ಕಸಬೆ ಡಿಗ್ರಜ ಊರಿನ ಒಬ್ಬ ಶರ್ಯತ್ತಿನ ಗಾಡಿಯವನು ಕೊಳ್ಳುತ್ತೇನೆ ಅನ್ನುತ್ತಿದ್ದಾನೆ, ಅವನಿಗೆ ಮಾತು ಕೊಟ್ಟಾಯಿತು ಎಂದು.

ನನ್ನ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯಿತು.

"ತಪ್ಪ ನಿಮ್ಮ ಬಾಯೀದು, ಶಿಕ್ಷಾ ಅವಗ ಏನ್ರಿ?"

"ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ," ಎಂದು ಅತ್ತೆಯವರು ಗೋಡೆಗೆ ಹೇಳಿದರು. ಮಗನಿಗೆ ಕನ್ನಡ ಆಡಲು ಬಾರದಿದ್ದರೂ ತಿಳಿಯುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತು. ಯಜಮಾನರು ಅರ್ಧಕ್ಕೇ ಕೈ ತೊಳೆದು ಎದ್ದರು. ಗಂಡಸು ಕೊಟ್ಟ ಮಾತು ತಿರುಗುವುದಿಲ್ಲ, ಇಷ್ಟೇ ಅವರ ವಾದ.

ಅಂದಿನಿಂದ ನಾನು ಅವರ ಜೊತೆ ಮಾತು ಬಿಟ್ಟೆ. ಹೇಳುವುದನ್ನೆಲ್ಲ ಅವರಿಗೆ ಕೇಳುವ ಹಾಗೆ ಬಿಳಿಯನಿಗೆ ಹೇಳುತ್ತಿದ್ದೆ. "ತಿನ್ನಪ್ಪಾ, ಇನ್ನೆಷ್ಟ ದಿನಾ ನನ್ನ ಕೈಯಾಂದು. ಅಲ್ಲಿ ನಿನಗ ನಡಿ ಅನ್ನಾವ್ರೂ ಇಲ್ಲ, ಹೋ ಅನ್ನಾವ್ರೂ ಇಲ್ಲ. ಅಲ್ಲಿ ಮಾತಾಡೂದು ಬಾರಕೋಲ." ಕಟ್ಟೆಯ ಮೇಲೆ ಕುಳಿತ ಯಜಮಾನರು ಕೆಮ್ಮುತ್ತಿದ್ದರು, ಎದ್ದು ಹೋಗುತ್ತಿದ್ದರು. ನನಗೆ ನಿಜವಾಗಿ ಭಯ ಇದ್ದದ್ದು ಅದೇ. ಬಿಳಿಯ ಮೈಮೇಲೆ ಏಟು ತಿಂದವನಲ್ಲ. ತಿಳಿಯದ ಭಾಷೆಯಲ್ಲಿ ಕೂಗಿದರೆ ಅವನು ಸುಮ್ಮನೆ ನಿಂತು ನೋಡುತ್ತಾನೆ. ನಿಂತು ನೋಡುವ ಎತ್ತಿಗೆ ಏನಾಗುತ್ತದೆ ಎಂಬುದು ಶರ್ಯತ್ತಿನ ಮನೆಯಲ್ಲಿ ಬಾಳಿದ ಯಾವ ಹೆಂಗಸಿಗೂ ಗೊತ್ತು.

ಒಂದು ಬೆಳಗ್ಗೆ ಗಾಡಿಯವನು ಟೆಂಪೊ ತಂದ. ಕೆಟ್ಟವನಲ್ಲ, ನಗುಮುಖದ ಮನುಷ್ಯ. ಬಂದವನೇ ನನಗೆ 'ವಹಿನಿ', ಅಂದರೆ ಅತ್ತಿಗೆ, ಎಂದು ಕೈ ಮುಗಿದ. ಎತ್ತಿನಲ್ಲಿ ಯಾವ ಖೋಡಿಯೂ ಇಲ್ಲ ಎಂದು ತನಗೆ ಗೊತ್ತು, ತನ್ನ ಕೈಗೆ ಬಂದರೆ ಕನ್ನಡ ಬಿಡಿಸುತ್ತೇನೆ ಎಂದು ನಕ್ಕ. ಮಾರಿದ ಎತ್ತಿನ ಜೊತೆ ಮನೆಯ ಹಗ್ಗ ಕೊಡುವ ರೂಢಿ ನಮ್ಮಲ್ಲಿಲ್ಲ, ಹಗ್ಗದ ಜೊತೆ ಲಕ್ಷ್ಮಿ ಹೋಗುತ್ತಾಳೆ ಎನ್ನುತ್ತಾರೆ. ಅವನು ತನ್ನ ಹೊಸ ಹಗ್ಗ ಹಾಕಿದ. ಹಳೆಯದನ್ನು ಬಿಚ್ಚಿ ನನ್ನ ಕೈಯಲ್ಲಿಟ್ಟ. ನಾನೇ ಹೊಸೆದ ಹಗ್ಗ ಅದು, ಬಿಳಿಯನ ಕುತ್ತಿಗೆಯ ಬಿಸಿ ಇನ್ನೂ ಆರಿರಲಿಲ್ಲ.

ಟೆಂಪೊದ ಹಿಂಬದಿಗೆ ಹಲಗೆ ಇಳಿಬಿಟ್ಟರು. ಬಿಳಿಯ ಹಟ ಮಾಡಲಿಲ್ಲ. ಶರ್ಯತ್ತಿಗೆ ಒಯ್ಯುತ್ತಿದ್ದಾರೆಂದು ತಿಳಿದನೋ ಏನೋ, ಹಗ್ಗ ಎಳೆದವರ ಹಿಂದೆ ನಡೆದು ಮುಂಗಾಲು ಎರಡನ್ನೂ ಹಲಗೆಯ ಮೇಲಿಟ್ಟ. ಎತ್ತು ಹೊಸ್ತಿಲು ಬಿಡುವ ಮುನ್ನ ಮಾರಿದವರ ಬಾಯಿಂದ ಕೊನೆಯ ಮಾತು ಕೇಳಬೇಕು, ಅದು ಪದ್ಧತಿ. ಗಾಡಿಯವನು ತಿರುಗಿ, ಕೊಟ್ಟಿರಲ್ಲ ಎಂದು ಕೇಳಿದ.

"ದಿಲಾ ನಾ ದಾದಾ?"

ನಮ್ಮ ಯಜಮಾನರು ನೆಲ ನೋಡುತ್ತ ಅಂದರು, "ಹೋ."

ಬಿಳಿಯ ನಿಂತ.

ಗಾಡಿಯವನು ಹಗ್ಗ ಜಗ್ಗಿದ. ಜೊತೆಗೆ ಬಂದವರು ಹಿಂದಿನಿಂದ ತಳ್ಳಿದರು. ಬಿಳಿಯ ಕದಲಲಿಲ್ಲ. ಕುತ್ತಿಗೆ ತಿರುಗಿಸಿ ಯಜಮಾನರ ಕಡೆ ಕಿವಿ ನಿಮಿರಿಸಿದ. ಜೋಳದ ಹೊಲದ ಬಳಿ ಕಾದಂತೆ ಕಾದ. ಮೊದಲು ಎಲ್ಲರೂ ನಕ್ಕರು, ಗಾಡಿಯವನೂ ನಕ್ಕ. ಆಮೇಲೆ ಅವನು ಬೆವರು ಒರೆಸಿಕೊಂಡು, ದಾದಾ, ಆ ನಿಮ್ಮ ಮುಂದಕ್ಕೆ ಹೋಗುವ ಮಾತು ನೀವೇ ಹೇಳಿಬಿಡಿ ಎಂದ.

'ನಡಿ' ಅನ್ನಬೇಕಿತ್ತು, ಅಷ್ಟೇ. ಮೊದಲ ದಿನವೇ ಬಂದ ಮಾತು ಅದು. ಹರದಾರಿಗಟ್ಟಲೆ ದಾರಿಯಲ್ಲಿ, ಧೂಳಿನಲ್ಲಿ, ಊರ ಜನರೆಲ್ಲ ಕೇಳುವಂತೆ ಕೂಗಿದ ಮಾತು. ಯಜಮಾನರು ಅದನ್ನು ಹೇಳುವ ಬದಲು ಅಂಗಿಯ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಂಡರು. ಗಾಡಿಯವನು ನನ್ನ ಕಡೆ ತಿರುಗಿ, ಹಾಗಾದರೆ ವಹಿನಿ, ನೀವಾದರೂ ಹೇಳಿ ಎಂದ. ನಾನು ಹಳೆಯ ಹಗ್ಗವನ್ನು ಎದೆಗೊತ್ತಿ ಹಿಡಿದು, ಅಷ್ಟು ದಿನದಿಂದ ಮಾತು ಬಿಟ್ಟವಳು, ನೇರ ನಮ್ಮವರ ಮುಖ ನೋಡಿದೆ.

"ನಾ ಯಾಕ ಹೇಳ್ಲಿ? ಮಾರಿದಾವ್ರು ಹೇಳ್ಲಿ."

ಅವರು ನಿಧಾನವಾಗಿ ಹಲಗೆಯ ಬಳಿ ಹೋದರು. ಬಿಳಿಯನ ಬೆನ್ನ ಮೇಲೆ ಕೈಯಿಟ್ಟರು. ಬಗ್ಗಿ ಅವನ ಕಿವಿಯ ಹತ್ತಿರ, ಒಂದಿಷ್ಟೂ ಎಳೆಯದೆ, ನಾನು ಕಲಿಸಿದಷ್ಟೇ ಗಿಡ್ಡಗೆ ಅಂದರು.

"ಹೊಳ್ಳು."

ಬಿಳಿಯ ಎಡಗಾಲು ಊರಿ ಹೊರಳಿದ. ಹಲಗೆ ಸದ್ದು ಮಾಡಿತು, ತಳ್ಳುತ್ತಿದ್ದವರು ಹಾರಿ ಪಕ್ಕಕ್ಕೆ ಸರಿದರು. ಅವನ ಮುಖ ಈಗ ನಮ್ಮ ಬಾಗಿಲ ಕಡೆಗಿತ್ತು. ಯಜಮಾನರು ಹೊಸ ಹಗ್ಗ ಬಿಚ್ಚಿ ಗಾಡಿಯವನ ಕೈಗೆ ಕೊಟ್ಟರು. ಆ ಮನುಷ್ಯ ಹಗ್ಗ ಸುತ್ತಿಕೊಂಡು ಹೆಗಲಿಗೆ ಹಾಕಿಕೊಂಡ. ಅತ್ತೆಯವರು ಅವನಿಗೆ ಚಹಾ ಕುಡಿದು ಹೋಗಲು ಹೇಳಿದರು.

ಕಣ್ಣೀರಿನಲ್ಲಿ ನನಗೆ ಯಾವುದೂ ಸರಿಯಾಗಿ ಕಾಣಲಿಲ್ಲ, ಆದರೆ ಅವರು ಬಿಳಿಯನಿಗೆ ಆಮೇಲೆ ಹೇಳಿದ್ದು ಚೆನ್ನಾಗಿ ಕೇಳಿಸಿತು.

"ನಡಿಯಪ್ಪಾ. ಮನೀಗೆ ನಡಿ."

'ನಡಿ' ನಾನು ಕಲಿಸಿದ್ದು. 'ಮನೀಗೆ' ಎಂಬುದನ್ನು ನಾನು ಕಲಿಸಿರಲಿಲ್ಲ.